ಎರಡು ವಿಮಾನಗಳ ನಡುವಣ ಹೊತ್ತು

ದೂರಪ್ರಯಾಣಕ್ಕೆ ಹೊರಟವರಿಗೆ ಮನೆ ಬಿಡುವ ಹೊತ್ತಿನ ಲೆಕ್ಕ ಗೊತ್ತಿರುತ್ತದೆ. ಊರು ಸೇರುವ ಹೊತ್ತಿನ ಲೆಕ್ಕವೂ ಗೊತ್ತಿರುತ್ತದೆ. ನಡುವೆ ಎಲ್ಲಿಯೋ ಇಳಿದು, ಮುಂದಿನ ವಾಹನಕ್ಕಾಗಿ ಕಾದು ಕುಳಿತಿರುವ ಹೊತ್ತನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಮನೆಯ ಮಗನೋ ಸೊಸೆಯೋ ಅಮೆರಿಕಕ್ಕೆ ಹೊರಟಿದ್ದಾರೆ ಎನ್ನಿ. ಟಿಕೀಟನ್ನು ತೆಗೆದು ನೋಡಿದರೆ ದುಬೈಯಲ್ಲಿಯೋ ಫ್ರಾಂಕ್‌ಫರ್ಟಿನಲ್ಲಿಯೋ ಒಂಬತ್ತು ಗಂಟೆ ತಂಗಬೇಕೆಂದು ಅಚ್ಚಾಗಿರುತ್ತದೆ. “ಅಯ್ಯೋ, ಅಷ್ಟು ಹೊತ್ತು ಅಲ್ಲಿ ಏನು ಮಾಡುತ್ತಾರೆ?” ಎಂದು ಮನೆಯ ಹಿರಿಯರು ಕೇಳುತ್ತಾರೆ. ಪ್ರಶ್ನೆ ಸಣ್ಣದೇ. ಆದರೆ ಅದನ್ನು ನಮ್ಮ ಜನ ಇಂದು ಮೊದಲ ಬಾರಿಗೆ ಕೇಳುತ್ತಿಲ್ಲ. ಈ ಪ್ರಶ್ನೆಗೆ ನಮ್ಮ ನಾಡು ಕಲ್ಲಿನಲ್ಲಿ, ನೀರಿನಲ್ಲಿ, ಅನ್ನದಲ್ಲಿ ಉತ್ತರ ಕೊಟ್ಟದ್ದುಂಟು. ಆ ಕಥೆಯನ್ನು ಕೋಲಾರ ಸೀಮೆಯ ನರಸಾಪುರದಿಂದಲೇ ಹಿಡಿಯೋಣ.

ನರಸಾಪುರ ಕೋಲಾರ ತಾಲ್ಲೂಕಿನ ಒಂದು ಹೋಬಳಿಯ ಊರು. ಬೆಂಗಳೂರಿನಿಂದ ಹೊಸಕೋಟೆಯ ಮೇಲೆ ಕೋಲಾರ, ಮುಳಬಾಗಿಲುಗಳನ್ನು ಹಾದು ಪೂರ್ವದ ಘಟ್ಟವನ್ನಿಳಿಯುವ ಹಳೆಯ ಮದರಾಸು ರಸ್ತೆಯ ಮಗ್ಗುಲಿಗಿದೆ. ಈಗ ಆ ದಾರಿಗೆ ರಾಷ್ಟ್ರೀಯ ಹೆದ್ದಾರಿ ೭೫ ಎಂದು ಹೆಸರು. ಮೋಟಾರಿನಲ್ಲಿ ಬೆಂಗಳೂರಿನಿಂದ ಒಂದು ಗಂಟೆಯ ಚಿಲ್ಲರೆ ದಾರಿ. ಎತ್ತಿನ ಗಾಡಿಯ ಲೆಕ್ಕದಲ್ಲಿ ನೋಡಿ: ಹೊರೆ ತುಂಬಿದ ಗಾಡಿ ಗಂಟೆಗೆ ಎರಡು ಮೈಲಿ ನಡೆದರೆ ಹೆಚ್ಚು. ಬೆಂಗಳೂರು ಬಿಟ್ಟವನು ಮೊದಲ ದಿನ ಹೊಸಕೋಟೆ ಮುಟ್ಟಿದರೆ, ಎರಡನೆಯ ದಿನದ ಹೊತ್ತು ಮುಳುಗುವುದು ನರಸಾಪುರದ ಆಸುಪಾಸಿನಲ್ಲಿಯೇ. ಕೋಲಾರ ಮೂರನೆಯ ದಿನದ ಮಾತು. ಎಂದಮೇಲೆ ಈ ದಾರಿಯಲ್ಲಿ ಪ್ರಯಾಣವೆಂದರೆ ಬಹುಪಾಲು ತಂಗುವುದೇ ಆಗಿತ್ತು. ಎತ್ತಿಗೆ ಮೇವು, ನೀರು, ನೆರಳು; ಆಳಿಗೆ ಒಂದು ಜಗಲಿ, ಮೂರು ಕಲ್ಲಿನ ಒಲೆ; ಇಷ್ಟು ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಆ ದಿನದ ಸುಖದುಃಖ ನಿಂತಿತ್ತು.

ಈ ದಾರಿಯಲ್ಲಿ ದಂಡೂ ನಡೆದಿದೆ. ೧೭೯೧ರ ಆರಂಭದಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಮೊಗಲಿ ಕಣಿವೆಯನ್ನು ಹತ್ತಿ, ಮುಳಬಾಗಿಲು, ಕೋಲಾರ, ಹೊಸಕೋಟೆಗಳ ಮೇಲೆ ಬಂದು ಮಾರ್ಚಿ ತಿಂಗಳಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದದ್ದನ್ನು ನೀವು ಬಲ್ಲಿರಿ. ದಂಡು ತಂಗಿದ ಊರಿನವರಿಗೆ ಅದರಿಂದ ಏನು ಸಿಕ್ಕಿತು, ಏನು ಹೋಯಿತು ಎಂಬುದನ್ನು ಊಹಿಸಲು ಇತಿಹಾಸ ಓದಬೇಕಾಗಿಲ್ಲ. ಆಮೇಲೆ ಒಂಬತ್ತು ವರ್ಷಕ್ಕೆ, ಟೀಪುವಿನ ಪತನದ ಮರುವರ್ಷ, ಬೇರೊಬ್ಬ ಪ್ರಯಾಣಿಕ ಬಂದ. ಅವನು ವೈದ್ಯ ಫ್ರಾನ್ಸಿಸ್ ಬುಕಾನನ್. ೧೮೦೦ರ ಏಪ್ರಿಲಿನಲ್ಲಿ ಮದರಾಸನ್ನು ಬಿಟ್ಟು, ಬೇತಮಂಗಲ, ಟೇಕಲ್ಲುಗಳ ಮೇಲೆ, ಎಂದರೆ ನರಸಾಪುರಕ್ಕೆ ತುಸು ದಕ್ಷಿಣದ ದಾರಿಯಲ್ಲಿ, ಬೆಂಗಳೂರಿಗೆ ಬಂದ. ತಂಗುವ ಹೊತ್ತನ್ನು ಹೇಗೆ ಕಳೆಯಬೇಕೆಂದು ಯಾರಾದರೂ ಕೇಳಿದರೆ ನಾನು ಈತನನ್ನು ತೋರಿಸುತ್ತೇನೆ. ಡೇರೆ ಹಾಕಿದ ಕಡೆಯಲ್ಲೆಲ್ಲ ರೈತರನ್ನು, ನೇಯ್ಗೆಯವರನ್ನು, ಕಬ್ಬಿಣ ಕರಗಿಸುವವರನ್ನು ಕೂರಿಸಿಕೊಂಡು, ಏನು ಬಿತ್ತುತ್ತೀರಿ, ಎಷ್ಟು ಬೆಳೆಯುತ್ತದೆ, ಯಾರಿಗೆ ಮಾರುತ್ತೀರಿ ಎಂದು ಕೇಳಿ ಬರೆದಿಟ್ಟ. ಕಂಪನಿಯ ಸರಕಾರ ಕಳುಹಿಸಿದ ಮನುಷ್ಯ ಅವನು. ಕೇಳಿದ್ದು ನಮ್ಮ ಹಿತಕ್ಕಾಗಿಯೇ ಎನ್ನುವಂತಿಲ್ಲ. ಆದರೂ ಅವನ ಬರವಣಿಗೆ ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಗಿ, ಇಂದಿಗೂ ಮೈಸೂರು ಸೀಮೆಯ ಚರಿತ್ರೆ ಬರೆಯುವವರ ಕೈಯಲ್ಲಿದೆ.

ತಂಗುವವರಿಗೆ ನೆರವಾಗುವುದು ರಾಜಧರ್ಮವೆಂಬ ಮಾತು ಅಶೋಕನಷ್ಟು ಹಳೆಯದು. ದಾರಿಯ ಮಗ್ಗುಲಲ್ಲಿ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗುಮನೆ ಕಟ್ಟಿಸಿದೆ ಎಂದು ಅವನು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ನಮ್ಮಲ್ಲಿ ಅದು ರಾಜರ ಕೈಯಿಂದ ಜನರ ಕೈಗೂ ಇಳಿಯಿತು. ಬೇಸಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆ. ತಲೆಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಮತ್ತೆ ಎತ್ತಿಕೊಳ್ಳಲು ಎದೆಯೆತ್ತರಕ್ಕೆ ನಿಲ್ಲಿಸಿದ ಕಲ್ಲು. ಗುಡಿಯ ಮುಂದಿನ ಮಂಟಪ. ಉಳ್ಳವರು ಕಟ್ಟಿಸಿದ ಛತ್ರ. ಮೂಡಲ ಬಾಗಿಲೆಂದೇ ಹೆಸರು ಪಡೆದ ಮುಳಬಾಗಿಲನ್ನು ಆ ಕಾಲದ ದೊಡ್ಡ ನಿಲ್ದಾಣವೆಂದರೆ ತಪ್ಪಾಗದು. ತಿರುಪತಿಗೆ ಹೋಗುವ ಮೈಸೂರು ಸೀಮೆಯ ಯಾತ್ರಿಕರು ಅಲ್ಲಿ ಇಳಿದು, ನರಸಿಂಹತೀರ್ಥದಲ್ಲಿ ಮಿಂದು, ಆಂಜನೇಯನ ದರ್ಶನ ಮಾಡಿ, ಬುತ್ತಿ ಬಿಚ್ಚಿ, ಜೊತೆಗಾರರು ಕೂಡುವವರೆಗೆ ಕಾಯುತ್ತಿದ್ದರು. ಕಾಯುವುದು ಅವರಿಗೆ ಯಾತ್ರೆಯ ಒಂದು ಭಾಗವೇ ಆಗಿತ್ತು.

ಆದರೆ ಇದನ್ನೆಲ್ಲ ಹೇಳಿ, ಹಿಂದಿನದೆಲ್ಲ ಬಂಗಾರ ಎಂದು ಬಿಟ್ಟುಬಿಟ್ಟರೆ ಅದು ಅರ್ಧ ಸತ್ಯವಾದೀತು. ಛತ್ರದ ಬಾಗಿಲು ಎಲ್ಲರಿಗೂ ಒಂದೇ ಅಗಲಕ್ಕೆ ತೆರೆಯುತ್ತಿರಲಿಲ್ಲ. ಉಣ್ಣುವಲ್ಲಿ ಪಂಕ್ತಿಭೇದ, ನೀರು ಸೇದುವಲ್ಲಿ ಜಾತಿಭೇದ. ದಲಿತ ಪ್ರಯಾಣಿಕನಿಗೆ ಎಷ್ಟೋ ಕಡೆ ಸಿಕ್ಕುತ್ತಿದ್ದುದು ಜಗಲಿಯಲ್ಲ, ಮರದ ನೆರಳು ಮಾತ್ರ. ಇಂಗ್ಲಿಷರ ಕಾಲದಲ್ಲಿ ಬಂದ ಟ್ರಾವಲರ್ಸ್ ಬಂಗಲೆ, ಎಂದರೆ ನಾವು ‘ಟಿ. ಬಿ.’ ಎಂದು ಕರೆದ ಕಟ್ಟಡ, ಮುಖ್ಯವಾಗಿ ದೊರೆಗಳಿಗೂ ಅಧಿಕಾರಿಗಳಿಗೂ ಮೀಸಲು. ಮಿಕ್ಕವರಿಗೆ ಮುಸಾಫಿರಖಾನೆ. ಕಾಯುವ ಜಾಗದಲ್ಲಿ ಯಾರಿಗೆ ಕುರ್ಚಿ, ಯಾರಿಗೆ ನೆಲ ಎಂಬ ಪ್ರಶ್ನೆ ವಿಮಾನದ ಜೊತೆಗೆ ಹುಟ್ಟಿದ್ದಲ್ಲ. ೧೮೯೩ರ ಜೂನಿನ ಒಂದು ರಾತ್ರಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಮೊದಲ ದರ್ಜೆಯ ಟಿಕೀಟು ಕೈಯಲ್ಲಿದ್ದ ಯುವಕ ವಕೀಲನೊಬ್ಬನನ್ನು ರೈಲಿನಿಂದ ಇಳಿಸಿದರು. ಗಾಂಧೀಜಿ ಆ ಚಳಿಯ ರಾತ್ರಿಯನ್ನು ಕಳೆದದ್ದು ನಿಲ್ದಾಣದ ತಂಗುಕೋಣೆಯಲ್ಲಿ. ಊರಿಗೆ ಹಿಂದಿರುಗುವುದೋ, ನಿಂತು ಹೋರಾಡುವುದೋ ಎಂದು ಅವರು ಚಿಂತಿಸಿದ್ದು ಅಲ್ಲಿಯೇ.

ರೈಲು ನಮ್ಮ ಸೀಮೆಗೆ ಬಂದದ್ದು ೧೮೬೪ರಲ್ಲಿ. ಜೋಲಾರಪೇಟೆಯಿಂದ ಬೆಂಗಳೂರು ದಂಡಿನ ನಿಲ್ದಾಣದವರೆಗೆ. ಅದು ಹಳೆಯ ರಸ್ತೆಯನ್ನು ಅನುಸರಿಸಲಿಲ್ಲ. ಟೇಕಲ್ಲು, ಮಾಲೂರುಗಳ ಮೇಲೆ ದಕ್ಷಿಣಕ್ಕೆ ಸರಿಯಿತು. ನರಸಾಪುರ, ಕೋಲಾರ, ಮುಳಬಾಗಿಲು ಮೂರೂ ಒಮ್ಮೆಗೇ ಪಕ್ಕಕ್ಕೆ ಬಿದ್ದವು. ಕಾಯುವ ಜಾಗ ಈಗ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬನ ಹೆಸರು ಹೊತ್ತು, ಮುಂದೆ ಜನರ ಬಾಯಲ್ಲಿ ಬಂಗಾರಪೇಟೆಯಾದ ಊರು. ೧೮೯೪ರಲ್ಲಿ ಅಲ್ಲಿಂದ ಚಿನ್ನದ ಗಣಿಗೆ ಕವಲು ಹಾದಿ ಬಿತ್ತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕೋಲಾರದ ಕಡೆಗೆ ಎರಡೂವರೆ ಅಡಿಯ ಕಿರುಹಳಿ ಬಂತು. ಮದರಾಸಿನಿಂದ ದೊಡ್ಡ ಗಾಡಿಯಲ್ಲಿ ಬಂದವರು ಇಲ್ಲಿ ಗಂಟುಮೂಟೆ ಇಳಿಸಿ, ಚಿಕ್ಕ ಗಾಡಿ ಹೊರಡುವ ತನಕ ಹೊತ್ತು ಕಳೆಯಬೇಕು. ಬಂಗಾರಪೇಟೆಯ ಪಾನಿಪುರಿ ಇಂದು ಬೆಂಗಳೂರಿನ ಬೀದಿಗಳಲ್ಲೆಲ್ಲ ಹೆಸರುವಾಸಿ. ಜಂಕ್ಷನ್ನಿನ ಊರಿಗೂ ನಾಲಗೆಯ ರುಚಿಗೂ ಎಲ್ಲಿಯೂ ನಂಟು ಬೀಳುತ್ತದೆಯೆಂದು ಕಾಣುತ್ತದೆ.

ಬೆಂಗಳೂರಿನಲ್ಲಿ ಈ ಕಾಯುವವರ ಕಷ್ಟವನ್ನು ಕಣ್ಣಾರೆ ಕಂಡು ಮನಸ್ಸಿಗೆ ತಂದುಕೊಂಡವರು ವ್ಯಾಪಾರಿಯಾಗಿದ್ದ ಗುಬ್ಬಿ ತೋಟದಪ್ಪನವರು. ರೈಲಿನಿಂದ ಇಳಿದ ಪರಸ್ಥಳದವರಿಗೆ ತಂಗಲು ಜಾಗವಿಲ್ಲವೆಂದು, ನಗರದ ರೈಲ್ವೆ ನಿಲ್ದಾಣದ ಸಮೀಪದಲ್ಲಿಯೇ ನೆಲ ಕೊಂಡು ಧರ್ಮಛತ್ರ ಕಟ್ಟಿಸಿದರು. ೧೯೦೩ರಲ್ಲಿ ಅದರ ಬಾಗಿಲು ತೆರೆಯಿತು. ನಿಲ್ದಾಣದಿಂದ ನಡೆದು ಸೇರುವಷ್ಟು ಹತ್ತಿರ. ಇದು ಸಣ್ಣ ವಿವರವಲ್ಲ. ಹಳೆಯ ಮದರಾಸು ರಸ್ತೆಯಲ್ಲಿ ನರಸಾಪುರದಿಂದ ಬೆಂಗಳೂರಿಗೆ ಬರುವಾಗ ಎಡಬಲಕ್ಕೆ ನೀರು ಕಾಣುವ ಎಲೆ ಮಲ್ಲಪ್ಪಶೆಟ್ಟಿ ಕೆರೆಯ ಹೆಸರು ಕೇಳಿದ್ದೀರಿ. ವೀಳ್ಯದೆಲೆ ಮಾರಿ ಗಳಿಸಿದ ಹಣವನ್ನು ಕೆರೆಗೆ ಸುರಿದ ವ್ಯಾಪಾರಿ ಆತ. ಎಲೆ ಮಾರಿದವನು, ಅಂಗಡಿ ಇಟ್ಟವನು, ದಾರಿಯವರಿಗಾಗಿ, ಊರಿನವರಿಗಾಗಿ ಇಷ್ಟು ಮಾಡಿದ ಕಾಲವೊಂದಿತ್ತು.

ಇನ್ನು ಆಕಾಶದ ದಾರಿ. ಕನ್ನಡ ನೆಲದಲ್ಲಿ ವಿಮಾನದ ಮೊದಲ ತಂಗುದಾಣಗಳನ್ನು ಹುಡುಕಿದರೆ ಬೆಂಗಳೂರಿಗಿಂತ ಮೊದಲು ಬಳ್ಳಾರಿ ಸಿಕ್ಕುತ್ತದೆ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ಹೊತ್ತ ಪುಟ್ಟ ವಿಮಾನವನ್ನು ಅಹಮದಾಬಾದಿನ ಮೇಲೆ ಬೊಂಬಾಯಿಗೆ ತಂದರು. ಅಹಮದಾಬಾದಿನಲ್ಲಿ ವಿಮಾನದ ಪೆಟ್ರೋಲು ಡಬ್ಬಗಳಲ್ಲಿ ತುಂಬಿ ಬಂದದ್ದು ಎತ್ತಿನ ಗಾಡಿಯ ಮೇಲೆ! ಬೊಂಬಾಯಿಯಿಂದ ಮುಂದಕ್ಕೆ ಅವರ ಜೊತೆಗಾರ ನೆವಿಲ್ ವಿಂಟ್ಸೆಂಟ್ ಟಪಾಲು ಹೊತ್ತು ಹಾರಿ, ಬಳ್ಳಾರಿಯಲ್ಲಿ ಇಳಿದು, ರಾತ್ರಿ ಅಲ್ಲಿಯೇ ತಂಗಿ, ಮರುದಿನ ಮದರಾಸು ಮುಟ್ಟಿದ. ಕತ್ತಲೆಯಲ್ಲಿ ಹಾರುವ ಸೌಕರ್ಯ ಇರಲಿಲ್ಲ. ಅಂದಿನ ಬಳ್ಳಾರಿ ಮದರಾಸು ಆಧಿಪತ್ಯಕ್ಕೆ ಸೇರಿದ್ದರೂ ಊರು ಕನ್ನಡದ್ದೇ. ಗಾಡಿಯವನು ಹೊತ್ತು ಮುಳುಗಿದರೆ ನೊಗ ಇಳಿಸುತ್ತಿದ್ದ. ವಿಮಾನದವನೂ ಹಾಗೆಯೇ ಮಾಡಿದ.

ಅದೇ ೧೯೩೨ರಲ್ಲಿ ಅರಬ್ಬರ ತೀರದ ಷಾರ್ಜಾದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ವಿಮಾನಗಳ ಪ್ರಯಾಣಿಕರಿಗಾಗಿ ಕೋಟೆಯಂಥ ಒಂದು ತಂಗುಮನೆಯನ್ನು ಕಟ್ಟಿದರು. ಮರಳುಗಾಡಿನ ನಡುವೆ ಊಟ, ಹಾಸಿಗೆ, ಕಾವಲು. ಆ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಸುತ್ತ ಬೆಳೆದ ನಗರದಲ್ಲಿ ಇಂದು ಎಷ್ಟು ಕನ್ನಡ ಸಂಸಾರಗಳು! ೧೯೪೮ರ ಜೂನ್ ೮ರಂದು ಬೊಂಬಾಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ ಮೊದಲ ವಿಮಾನ ‘ಮಲಬಾರ್ ಪ್ರಿನ್ಸೆಸ್’ ಕೈರೋ, ಜಿನೀವಾಗಳಲ್ಲಿ ಇಳಿದೇ ಮುಂದೆ ಹೋಯಿತು. ಐರ್ಲೆಂಡಿನ ಷ್ಯಾನನ್ ಎಂಬಲ್ಲಿ, ಅಟ್ಲಾಂಟಿಕ್ ದಾಟುವ ವಿಮಾನಗಳು ಎಣ್ಣೆ ತುಂಬಿಸಿಕೊಳ್ಳುವ ಹೊತ್ತಿನಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದ ಪ್ರಯಾಣಿಕರನ್ನು ನೋಡಿ ಬ್ರೆಂಡನ್ ಓ’ರೀಗನ್ ಎಂಬಾತ ೧೯೪೭ರಲ್ಲಿ ಸುಂಕವಿಲ್ಲದ ಅಂಗಡಿಯೊಂದನ್ನು ತೆರೆದ. ಲೋಕದಲ್ಲಿ ಅಂಥದು ಅದೇ ಮೊದಲು. ಮಿಂಚುವ ಸಾಲುಸಾಲು ಅಂಗಡಿಗಳ ಇಂದಿನ ವಿಮಾನ ನಿಲ್ದಾಣದ ಬೀಜ ಬಿದ್ದದ್ದು ಅಲ್ಲಿ. ಕಾಯುವವನಿಗೆ ಮಜ್ಜಿಗೆ ಕೊಡುವುದರ ಬದಲು ಸಾಮಾನು ಮಾರಬಹುದೆಂದು ಕಂಡುಹಿಡಿದದ್ದು ಚಿಕ್ಕ ಬದಲಾವಣೆಯೇನಲ್ಲ.

ಜೆಟ್ ವಿಮಾನ ಬಂದು, ಎಣ್ಣೆಗಾಗಿ ನಿಲ್ಲುವುದು ತಪ್ಪಿದಾಗ ತಂಗುವುದೇ ತಪ್ಪಿತು ಎಂದುಕೊಂಡರು. ತಪ್ಪಲಿಲ್ಲ. ಕೆಲವೇ ದೊಡ್ಡ ನಿಲ್ದಾಣಗಳಿಗೆ ಎಲ್ಲ ಕಡೆಯಿಂದಲೂ ಜನರನ್ನು ತಂದು, ಅಲ್ಲಿಂದ ಬೇರೆ ಬೇರೆ ವಿಮಾನಗಳಿಗೆ ಹಂಚುವ ಏರ್ಪಾಡು ಬಲವಾಯಿತು. ಬಂಗಾರಪೇಟೆ ಜಂಕ್ಷನ್ನಿನ ಲೆಕ್ಕವೇ, ಅಳತೆ ಮಾತ್ರ ದೊಡ್ಡದು. ಆ ನಿಲ್ದಾಣಗಳಲ್ಲಿ ಕೆಲವು ಹಳೆಯ ಛತ್ರದ ಧರ್ಮವನ್ನು ಬೇರೆ ರೂಪದಲ್ಲಿ ಮರಳಿ ಕಲಿತಿವೆ. ಸಿಂಗಪುರದ ಚಾಂಗಿಯಲ್ಲಿ ಐದಾರು ಗಂಟೆಗೂ ಮೀರಿ ತಂಗಬೇಕಾದವರಿಗೆ, ಆ ದೇಶದ ಒಳಗೆ ಕಾಲಿಡುವ ಅರ್ಹತೆ ಇದ್ದರೆ, ಹಣವಿಲ್ಲದೆ ಊರು ತೋರಿಸಿ ಕರೆತರುತ್ತಾರೆ. ೨೦೧೯ರಲ್ಲಿ ಅಲ್ಲಿ ಗಾಜಿನ ಛಾವಣಿಯ ಕೆಳಗೆ ನಲವತ್ತು ಮೀಟರು ಎತ್ತರದ ಜಲಪಾತವನ್ನೇ ಇಳಿಸಿದರು. ಆಮ್‌ಸ್ಟರ್‌ಡಾಮಿನ ಸ್ಕಿಪೋಲಿನಲ್ಲಿ ಆ ದೇಶದ ದೊಡ್ಡ ಚಿತ್ರಸಂಗ್ರಹಾಲಯ ೨೦೦೨ರಲ್ಲಿ ತನ್ನದೊಂದು ಕಿರುಶಾಖೆಯನ್ನು ತೆರೆಯಿತು. ೨೦೧೦ರಲ್ಲಿ ಪುಸ್ತಕಾಲಯವೂ ಬಂತು. ನಿಮ್ಮವರು ಆ ದಾರಿಯಲ್ಲಿ ಹೋಗುವುದಾದರೆ ಅಂಗಡಿಗಳನ್ನು ಬಿಟ್ಟು ಇವುಗಳನ್ನು ವಿಚಾರಿಸಲು ಹೇಳಿ. ಒಂದು ಎಚ್ಚರಿಕೆ: ನಿಲ್ದಾಣದ ಹೊರಗೆ ಕಾಲಿಡಲು ಆಯಾ ದೇಶದ ವೀಸಾ ಬೇಕು, ಕೆಲವೆಡೆ ಒಳಗೇ ವಿಮಾನ ಬದಲಿಸಲೂ ಅನುಮತಿ ಬೇಕಾಗಬಹುದು. ಟಿಕೀಟು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾದ ಮಾತು ಇದು. ಕಾಗದಪತ್ರ ಸರಿಯಿಲ್ಲದವನ ಪಾಡು ಏನೆಂಬುದಕ್ಕೆ ಮೆಹ್ರಾನ್ ಕರೀಮಿ ನಾಸೆರಿ ಎಂಬ ಇರಾನಿನವನ ಕಥೆಯುಂಟು: ೧೯೮೮ರಿಂದ ೨೦೦೬ರವರೆಗೆ, ಹದಿನೆಂಟು ವರ್ಷ, ಪ್ಯಾರಿಸಿನ ವಿಮಾನ ನಿಲ್ದಾಣದ ಬೆಂಚೇ ಅವನ ಮನೆಯಾಗಿತ್ತು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಬೆಂಗಳೂರಿನ ವಿಮಾನಗಳು ೧೯೪೦ರಲ್ಲಿ ಹುಟ್ಟಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ನೆಲದಿಂದಲೇ ಬಹುಕಾಲ ಹಾರಿದವು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ನಿಲ್ದಾಣ ತೆರೆಯಿತು. ೨೦೧೩ರಲ್ಲಿ ಕೆಂಪೇಗೌಡರ ಹೆಸರು ಪಡೆಯಿತು. ಎರಡನೆಯ ಟರ್ಮಿನಲ್ಲಿನ ಉದ್ಘಾಟನೆ ೨೦೨೨ರ ನವೆಂಬರಿನಲ್ಲಿ. ೨೦೨೩ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೆಲ್ಲ ಅಲ್ಲಿಂದ. ಬಿದಿರಿನ ಛಾವಣಿ, ತೂಗುವ ಗಿಡಬಳ್ಳಿ, ಒಳಗೇ ಹರಿಯುವ ನೀರು, ಕರ್ನಾಟಕದ ಕಲೆಗಳ ಮಾದರಿ. ಎರಡು ಮೂರು ಗಂಟೆಯ ಬಿಡುವಿದ್ದವರು ಒಳಗೇ ನೋಡುತ್ತ ನಡೆದರೆ ಸಾಕು. ಐದಾರು ಗಂಟೆ ಇದ್ದವರು, ಹೊರಗೆ ಬರಲು ಅಡ್ಡಿಯಿಲ್ಲದಿದ್ದರೆ, ದಯವಿಟ್ಟು ಬೆಂಗಳೂರಿನ ಕಡೆ ತಿರುಗಬೇಡಿ. ಆ ಹೊತ್ತನ್ನೆಲ್ಲ ರಸ್ತೆಯ ದಟ್ಟಣೆ ನುಂಗಿಬಿಡುತ್ತದೆ. ಉತ್ತರಕ್ಕೆ ತಿರುಗಿ.

ಹತ್ತಿರದಲ್ಲಿಯೇ ದೇವನಹಳ್ಳಿಯ ಕೋಟೆ. ಆವತಿಯ ನಾಡಪ್ರಭುಗಳ ಮನೆತನದ ಮಲ್ಲ ಭೈರೇಗೌಡ ೧೫೦೧ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಮುಂದೆ ಹೈದರನ ಕಾಲದಲ್ಲಿ ಕಲ್ಲಿನಿಂದ ಬಲಪಡಿಸಿದರು. ೧೭೪೯ರಲ್ಲಿ ಮೈಸೂರಿನ ದಂಡು ಈ ಕೋಟೆಯನ್ನು ಮುತ್ತಿದಾಗ ಮೊದಲ ಬಾರಿಗೆ ಎಲ್ಲರ ಕಣ್ಣಿಗೆ ಬಿದ್ದ ಸೈನಿಕ ಹೈದರ್. ನಮ್ಮ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದವನು. ಮರುವರ್ಷ ಅವನ ಮಗ ಟೀಪು ಹುಟ್ಟಿದ್ದು ಇಲ್ಲಿ. ಹುಟ್ಟಿದ ಜಾಗದಲ್ಲಿ ಕಂಬಗಳ ಒಂದು ಚಿಕ್ಕ ಮಂಟಪ, ಒಂದು ಕಲ್ಲುಹಲಗೆ, ಅಷ್ಟೇ. ಕೋಟೆಯೊಳಗೆ ಜನವಸತಿ ಇದೆ, ವೇಣುಗೋಪಾಲಸ್ವಾಮಿಯ ಗುಡಿ ಇದೆ. ಗೋಡೆಗಳ ಮೇಲೆ ರಾಮಾಯಣದ, ಕೃಷ್ಣಲೀಲೆಯ ಸಾಲುಚಿತ್ರಗಳು. ಇನ್ನೂ ಹೊತ್ತಿದ್ದರೆ ನಂದಿಬೆಟ್ಟದ ಬುಡದ ಭೋಗನಂದೀಶ್ವರನ ಗುಡಿಗೆ ಹೋಗಿ. ಒಂಬತ್ತನೆಯ ಶತಮಾನದಿಂದ ವಿಜಯನಗರದವರೆಗೆ ಒಬ್ಬೊಬ್ಬ ಅರಸರ ಕಾಲದಲ್ಲಿ ಒಂದೊಂದು ಭಾಗ ಬೆಳೆದ ಗುಡಿ. ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಕಲ್ಯಾಣಿ. ಬೆಟ್ಟ ಹತ್ತುವ ಆಸೆಯನ್ನು ಬಿಡುವುದೇ ಜಾಣತನ. ರಜದ ದಿನವಂತೂ ಬೇಡವೇ ಬೇಡ. ಪೂರಾ ಹಗಲೊಂದು ಕೈಯಲ್ಲಿದ್ದರೆ ಮಾತ್ರ ಹೊಸಕೋಟೆಯ ಮೇಲೆ ಕೋಲಾರಕ್ಕೆ ಬನ್ನಿ: ಕೋಲಾರಮ್ಮನ ಗುಡಿ, ಸೋಮೇಶ್ವರನ ಗೋಪುರ, ಹೈದರನ ತಂದೆ ಫತೇ ಮಹಮ್ಮದನ ಸಮಾಧಿ, ಅಂತರಗಂಗೆಯ ನೀರು. ನರಸಾಪುರ ದಾರಿಯಲ್ಲೇ ಸಿಕ್ಕುತ್ತದೆ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಹಿಂದಿರುಗಿರಬೇಕೆಂಬುದನ್ನು ಮಾತ್ರ ಮರೆಯಬೇಡಿ.

ನಡುವೆ ಬಾಡಿಗೆ ಕಾರಿನ ಚಾಲಕನನ್ನು ಮಾತನಾಡಿಸಿ. ಬುಕಾನನ್ ಕೇಳಿದ ಪ್ರಶ್ನೆಗಳನ್ನೇ ಕೇಳಿ. ದೇವನಹಳ್ಳಿ ಚಕ್ಕೋತದ, ದ್ರಾಕ್ಷಿಯ ಸೀಮೆ. ಸುಮಾರು ನಾಲ್ಕು ಸಾವಿರ ಎಕರೆಯ ವಿಮಾನ ನಿಲ್ದಾಣ ಹೊಲಗಳ ನಡುವೆಯೇ ಎದ್ದದ್ದು. ಸಮೀಪದ ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳ ೧,೭೭೭ ಎಕರೆಯನ್ನು ವಿಮಾನೋದ್ಯಮಕ್ಕೆ ಕೊಳ್ಳಲು ಸರಕಾರ ಹೊರಟಾಗ ರೈತರು ಸಾವಿರ ದಿನಕ್ಕೂ ಮೀರಿ ಧರಣಿ ಕುಳಿತರು. ೨೦೨೫ರ ಜುಲೈ ೧೫ರಂದು ಆ ಪ್ರಯತ್ನವನ್ನು ಕೈಬಿಟ್ಟೆವೆಂದು ಮುಖ್ಯಮಂತ್ರಿಗಳು ತಿಳಿಸಿದರು. ನಿಲ್ದಾಣದ ಒಳಗೆ ಒಂಬತ್ತು ಗಂಟೆ ಕಾಯುವುದು ಬೇಸರ ಎನ್ನುವವರು ಈ ಸಾವಿರ ದಿನದ ಕಾಯುವಿಕೆಯನ್ನೂ ತುಸು ನೆನೆಯಬಹುದು. ನರಸಾಪುರದ ಕಡೆಯ ಕಥೆ ಬೇರೆ ಬಗೆ: ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ೨೦೧೩ರಲ್ಲಿ ಹೊಂಡಾ ಕಾರ್ಖಾನೆ ತೆರೆಯಿತು, ೨೦೨೦ರಲ್ಲಿ ಐಫೋನ್ ಜೋಡಿಸುವ ಕೆಲಸ ಆರಂಭವಾಯಿತು, ೨೦೨೩ರಲ್ಲಿ ಆ ಕಾರ್ಖಾನೆ ಟಾಟಾ ಅವರ ಕೈಗೆ ಬಂತು. ರೈಲು ಬಿಟ್ಟುಹೋದ ಊರನ್ನು ಹೀಗೆ ಹೆದ್ದಾರಿ ಮತ್ತೆ ಎತ್ತಿಕೊಂಡಿದೆ.

ಕೋಲಾರದವರಿಗೆ ಇನ್ನೊಂದು ಸುದ್ದಿ. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಮೇಲೆ ಯಲಹಂಕಕ್ಕೆ ಓಡುತ್ತಿದ್ದ ಹಳೆಯ ಕಿರುಹಳಿ ಈಗ ದೊಡ್ಡ ಹಳಿಯಾಗಿದೆ. ಕೋಲಾರ ಚಿಕ್ಕಬಳ್ಳಾಪುರಗಳ ನಡುವಣ ಭಾಗ ೨೦೧೩ರಲ್ಲಿ ಮುಗಿಯಿತು. ಆ ಹಾದಿಯ ಮೇಲೆಯೇ, ವಿಮಾನ ನಿಲ್ದಾಣದ ಆವರಣಕ್ಕೆ ಹೊಂದಿಕೊಂಡಂತೆ, ೨೦೨೧ರ ಜನವರಿಯಲ್ಲಿ ಒಂದು ಪುಟ್ಟ ರೈಲುನಿಲ್ದಾಣ ತೆರೆದರು. ಗಾಡಿಗಳು ಕಡಿಮೆ, ವೇಳಾಪಟ್ಟಿಯನ್ನು ಮೊದಲೇ ನೋಡಿಕೊಂಡು ಹೊರಡಿ, ಬುತ್ತಿಯೊಂದು ಜೊತೆಗಿರಲಿ.